ಕೊಡಗಿನ ರಾಜಕುಮಾರಿ ಗೌರಮ್ಮ

ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ವಿರಳ. ಆತನ ಮಗಳಾದ ಗೌರಮ್ಮನ ಜೀವಿತವನ್ನಾದರೋ ಬಲ್ಲವರು ಕೆಲವರೇ. ಆಕೆಯು ನಮ್ಮ ವಿಶ್ವಾಸದಲ್ಲಿ ಸಹೋದರಿಯಾದದರಿಂದ ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

1834ರಲ್ಲಿ ಇಂಗ್ಲಿಷ್ ಕಂಪೆನಿಯವರು ಕೊಡಗನ್ನು ವಶಮಾಡಿಕೊಂಡು ಅರಸನನ್ನು ವೇಲೂರಿಗೂ ಬಳಿಕ ಕಾಶಿಗೂ ಕಳುಹಿಸಿದರು. ಕಾಶಿಯಲ್ಲಿಯೇ 1841ರಲ್ಲಿ ಗೌರಮ್ಮ ಹುಟ್ಟಿದಳು. ಹಾಲೇರಿ ಮನೆತನದ ಆಸ್ಥಾನದಲ್ಲಿ ಕನ್ನಡವು ಮಾನ್ಯವಾಗಿತ್ತು. ದೊಡ್ಡವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು ರಾಜೇಂದ್ರನಾಮೆಯೆಂಬ ಹೆಸರಿನಿಂದ ಕನ್ನಡದಲ್ಲಿಯೇ ಬರೆಯಿಸಿದ್ದನು. ಆದರೆ ಈ ಕೂಸು ಕಣ್ಣು ತೆರೆದ ಊರಿನ ಬೀದಿಗಳಲ್ಲಿ ಕೇಳಿಬರುತ್ತಿದ್ದದ್ದು ಹಿಂದೂಸ್ಥಾನಿ. ನಾಡು ತಪ್ಪಿದ ಮನೆಯಲ್ಲಿ ನುಡಿಯೂ ಅರ್ಧ ತಪ್ಪಿರುತ್ತದೆ.

1852ರಲ್ಲಿ ಅರಸನು ಮಗಳೊಡನೆ ಲಂಡನಿಗೆ ಹೋದನು. ಕಂಪೆನಿಯಲ್ಲಿ ಸಿಕ್ಕಿದ್ದ ತನ್ನ ಮನೆತನದ ಹಣವನ್ನು ಬಿಡಿಸಿಕೊಳ್ಳುವದೂ, ಮಗಳನ್ನು ಕ್ರೈಸ್ತಳಾಗಿ ಬೆಳೆಸಲು ಒಪ್ಪಿಸುವದೂ ಆತನ ಉದ್ದೇಶಗಳಾಗಿದ್ದವು. ಅದೇ ವರುಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಆಕೆಗೆ ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು.

ಆ ಮೇಲೆ ಗೌರಮ್ಮನು ಒಂದು ಆಂಗ್ಲೇಯ ಮನೆಯಿಂದ ಇನ್ನೊಂದಕ್ಕೆ ಒಪ್ಪಿಸಲ್ಪಡುತ್ತಾ ಬೆಳೆದಳು. ಅದೇ ಪಟ್ಟಣದಲ್ಲಿ ತಂದೆಯಿದ್ದರೂ ಮಗಳನ್ನು ಮನಬಂದಂತೆ ನೋಡುವ ಸ್ವಾತಂತ್ರ್ಯವು ಆತನಿಗಿರಲಿಲ್ಲ. ವಿಂಟರ್‌ಹಾಲ್ಟರನೆಂಬ ಪ್ರಸಿದ್ಧ ಚಿತ್ರಕಾರನು ಆಕೆಯ ಚಿತ್ರ ಬರೆದನು. ರಾಜಕುಮಾರಿಯ ಆಭರಣಗಳಿಗೆ ಚಿತ್ರಪಟದಲ್ಲಿ ಸ್ಥಳ ದೊರೆಯಿತು. ತಂದೆಯ ನುಡಿಗೆ ಆ ಮನೆಗಳಲ್ಲಿ ಸ್ಥಳ ದೊರೆಯಲಿಲ್ಲ. 1859ರಲ್ಲಿ ತಂದೆಯು ಲಂಡನಿನಲ್ಲಿಯೇ ಮೃತನಾದನು.

ಮರುವರುಷ ಆಕೆಗೆ ವಿವಾಹವಾಯಿತು. ವರನು ಇಂಡಿಯಾದಲ್ಲಿ ಸೈನ್ಯಾಧಿಕಾರಿಯಾಗಿದ್ದ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯನು. ಗಂಡನ ನುಡಿಯು ಆಗಲೇ ಹೆಂಡತಿಯ ನುಡಿಯೂ ಆಗಿತ್ತು. ಹೆಂಡತಿಯಿಂದ ಗಂಡನು ಕಲಿಯಬೇಕಾದ ನುಡಿ ಉಳಿದಿರಲಿಲ್ಲ. 1861ರಲ್ಲಿ ಹುಟ್ಟಿದ ಮಗಳಿಗೆ ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಪೂರ್ವಿಕರ ಮಾತಿನಲ್ಲಿ ಆ ಕೂಸಿಗೆ ಬಂದದ್ದು ಆ ಕೊನೆಯ ಒಂದು ಶಬ್ದವೇ. 1864ರಲ್ಲಿ ತಾಯಿಯು ಕ್ಷಯರೋಗದಿಂದ ತೀರಿಕೊಂಡಳು. ಆಗ ಆಕೆಗೆ 22 ವಯಸ್ಸು. ಕೊಡಗನ್ನು ಒಮ್ಮೆಯೂ ಕಾಣದ ಆ ರಾಜಕುಮಾರಿಯ ಸಮಾಧಿಯು ಲಂಡನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಕ್ರಿಸ್ತನನ್ನು ಹೊಂದುವದಕ್ಕೆ ಇದು ತೆರಬೇಕಾದ ಬೆಲೆಯೋ? ಅಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು. ಆಕೆಯ ದೀಕ್ಷಾಸ್ನಾನಕ್ಕೆ 21 ವರುಷ ಮುಂಚೆ, 1831ರಲ್ಲಿಯೇ, ಸತ್ಯವೇದವೆಲ್ಲವೂ ಕನ್ನಡದಲ್ಲಿ ಬಳ್ಳಾರಿಯಲ್ಲಿ ಮುದ್ರಿತವಾಗಿತ್ತು. ಆಕೆ ಲಂಡನಿಗೆ ಹೋದ ಮರುವರುಷ, 1853ರಲ್ಲಿ, ಬಾಸೆಲ್ ಮಿಶನಿನ ಮೋಗ್ಲಿಂಗ್ ಅಯ್ಯನವರು ಕೊಡಗಿಗೆ ಬಂದರು. ಜರ್ಮನ್ ತಾಯಿಯ ಮಗನಾದ ಅವರು ಕನ್ನಡವನ್ನು ಕಲಿತು, 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದರು. ಹೀಗೆ ಸುವಾರ್ತೆಯು ಕೊಡಗಿನೊಳಗೆ ನಮ್ಮ ನುಡಿಯನ್ನು ಕಲಿತುಕೊಂಡು ಬಂದಿತು. ಕೊಡಗಿನ ಮಗಳ ಬಾಯಿಂದಲೋ ಆಕೆಯ ಪೋಷಕರು ಅದನ್ನು ಮರೆಯಿಸಿದರು. ಅವರು ಪ್ರೀತಿಯಿಲ್ಲದವರಲ್ಲ, ಆಂಗ್ಲೇಯರ ರೀತಿಯೂ ಕ್ರಿಸ್ತನ ಮಾರ್ಗವೂ ಒಂದೇ ಎಂದು ಭಾವಿಸಿದರು. ಆ ಭಾವನೆಯು ತಪ್ಪು.

ಪ್ರಿಯ ವಾಚಕರೇ, ನಮ್ಮ ಸಭೆಗಳಲ್ಲಿಯೂ ತುಳು, ಮಲೆಯಾಳ, ತಮಿಳು ಆಡುವ ಮನೆಗಳಿಂದ ಸೊಸೆಯರು ಬರುತ್ತಾರೆ. ಗಂಡನ ಮನೆಯ ನುಡಿಯನ್ನು ಕಲಿಯುವದು ಪ್ರೀತಿಯ ಕೆಲಸವೇ. ಆದರೆ ಅತ್ತೆಯಾದವಳು ಸೊಸೆಯ ಮಾತನ್ನು ನೋಡಿ ನಗದಿರಲಿ. ಗಂಡನು ಅದರಲ್ಲಿ ನಾಲ್ಕು ಮಾತಾದರೂ ಕಲಿಯಲಿ. ತಾಯಿಯು ತನ್ನ ಕೂಸಿಗೆ ತನ್ನ ನುಡಿಯಲ್ಲಿಯೇ ಪ್ರಾರ್ಥನೆಯನ್ನು ಕಲಿಸಲಿ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಜನರೆಲ್ಲರನ್ನು ಒಂದೇ ಭಾಷೆಗೆ ತಿರುಗಿಸಲಿಲ್ಲ. ಒಬ್ಬೊಬ್ಬನು ತಾನು ಹುಟ್ಟಿದ ನುಡಿಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳುವಂತೆ ಮಾಡಿದನು. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲಿ.