ಸಂಘದ ಕೀಲಿಕೈ ಕಾಯ್ದ ಗೃಹಿಣಿ: ಶ್ರೀಮತಿ ಡೊರಿಮೆನ್ ಡೆಜಾರ್ಡಿನ್ (1858–1932)

ಸಹಕಾರ ಸಂಘ ಅಂದಕೂಡಲೇ ನಮ್ಮ ಕಣ್ಣಿಗೆ ಕಾಣೋದು ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿಗಳು. ಅವರ ಬೆನ್ನ ಹಿಂದೆ ನಿಂತ ಮನೆಯ ಹೆಣ್ಣುಮಕ್ಕಳ ಹೆಸರು ನಡಾವಳಿ ಪುಸ್ತಕದಲ್ಲಿ ಸಿಗೋದು ಅಪರೂಪ. ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ, ಕೆನಡಾ ದೇಶದ ಒಂದು ಸಣ್ಣ ಪಟ್ಟಣದಲ್ಲಿ ಬಾಳಿ, ಬಡವರ ಉಳಿತಾಯಕ್ಕೆ ಕಾವಲಾಗಿ ನಿಂತ ಕ್ಯಾಥೊಲಿಕ್ ಗೃಹಿಣಿಯೊಬ್ಬರ ಜೀವನವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಡೊರಿಮೆನ್ ಅವರು 1858ರ ಸೆಪ್ಟೆಂಬರ್ 17ರಂದು ಕ್ವಿಬೆಕ್ ಪ್ರಾಂತ್ಯದ ಸೊರೆಲ್‌ನಲ್ಲಿ ಹುಟ್ಟಿದರು. ಫ್ರೆಂಚ್ ಮನೆಮಾತಿನ ಕುಟುಂಬ. ಬೆಳೆದದ್ದು, ಕಾನ್ವೆಂಟಿನಲ್ಲಿ ಓದಿದ್ದು ಸೇಂಟ್ ಲಾರೆನ್ಸ್ ನದಿ ದಂಡೆಯ ಲೆವಿ ಪಟ್ಟಣದಲ್ಲಿ. 1879ರಲ್ಲಿ ಅಲ್ಫೋನ್ಸ್ ಡೆಜಾರ್ಡಿನ್ ಅವರನ್ನು ಮದುವೆಯಾದರು. ಹತ್ತು ಮಕ್ಕಳ ತಾಯಿಯಾದರು. ಎಳವೆಯಲ್ಲೇ ಮಕ್ಕಳನ್ನು ಕಳೆದುಕೊಂಡ ದುಃಖವನ್ನೂ ಉಂಡರು. ಪತಿಗೆ 1892ರಲ್ಲಿ ಒಟ್ಟಾವಾದ ಸಂಸತ್ತಿನಲ್ಲಿ ಶೀಘ್ರಲಿಪಿಕಾರರ ಕೆಲಸ ಸಿಕ್ಕಿತು. ಅಧಿವೇಶನ ನಡೆಯುವಷ್ಟು ಕಾಲ ಅವರು ಮನೆಯಿಂದ ದೂರ. ಮನೆ, ಮಕ್ಕಳು, ಖರ್ಚುವೆಚ್ಚ ಎಲ್ಲವೂ ಈ ತಾಯಿಯ ಹೆಗಲಿಗೆ ಬಿತ್ತು.

1897ರಲ್ಲಿ ಸಂಸತ್ತಿನಲ್ಲಿ ಬಡ್ಡಿ ವ್ಯಾಪಾರದ ಬಗ್ಗೆ ಚರ್ಚೆ ಬಂತು. 150 ಡಾಲರ್ ಸಾಲ ಮಾಡಿದವನೊಬ್ಬ ಬಡ್ಡಿಯೆಂದೇ 5,000 ಡಾಲರ್ ತೆರಬೇಕಾಗಿ ಬಂದ ಸಂಗತಿಯನ್ನು ಸದಸ್ಯರೊಬ್ಬರು ಸದನದ ಮುಂದಿಟ್ಟರು. ಅದನ್ನು ಕೇಳಿದ ಅಲ್ಫೋನ್ಸ್ ಅವರ ಮನಸ್ಸು ಕಲಕಿತು. ಜರ್ಮನಿಯ ರೈಫೈಸನ್ ಅವರ ಪತ್ತಿನ ಸಂಘಗಳು, ಯೂರೋಪಿನ ಇತರ ಜನತಾ ಬ್ಯಾಂಕುಗಳ ವಿಚಾರ ಓದಿ, ಪತ್ರ ಬರೆದು ತಿಳಿದುಕೊಂಡರು. ಕೊನೆಗೆ 1900ರ ಡಿಸೆಂಬರ್ 6ರಂದು ಲೆವಿಯಲ್ಲಿ ಜನತಾ ಉಳಿತಾಯ ಸಂಘ ಹುಟ್ಟಿತು. ಷೇರಿನ ಬೆಲೆ 5 ಡಾಲರ್. ಅಷ್ಟನ್ನು ಒಮ್ಮೆಗೇ ಕೊಡಲಾರದವರು ವಾರಕ್ಕೆ 10 ಸೆಂಟಿನಂತೆ ಕಂತು ಕಟ್ಟಬಹುದಿತ್ತು. 1901ರ ಜನವರಿ 23ರಂದು ವ್ಯವಹಾರ ಶುರುವಾದ ದಿನ ಕೂಡಿದ ಹಣ ಕೇವಲ 26 ಡಾಲರ್ 40 ಸೆಂಟ್. ಹನಿಹನಿಗೂಡಿದರೆ ಹಳ್ಳ ಅನ್ನೋ ಹಾಗೆ!

ಆದರೆ ದಿನಾ ಹಣ ತೆಗೆದುಕೊಂಡು, ಲೆಕ್ಕ ಬರೆದು, ಸದಸ್ಯರಿಗೆ ಉತ್ತರ ಹೇಳೋರು ಯಾರು? ಯಜಮಾನರು ಒಟ್ಟಾವಾದಲ್ಲಿ. ಡೆಜಾರ್ಡಿನ್ ಅವರ ಮನೆಯೇ ಸಂಘದ ಕಚೇರಿಯಾಯಿತು. ಡೊರಿಮೆನ್ ಅವರೇ ಅದರ ಆಧಾರವಾದರು. ಅದರಲ್ಲೂ 1903ರಿಂದ 1906ರವರೆಗೆ ದಿನನಿತ್ಯದ ಆಡಳಿತವೆಲ್ಲ ಅವರ ಕೈಯಲ್ಲೇ ಇತ್ತು. ಒಂದು ಕಡೆ ಒಲೆ, ತೊಟ್ಟಿಲು. ಇನ್ನೊಂದು ಕಡೆ ಖಾತೆ ಪುಸ್ತಕ.

ಆಗಿನ ಕ್ವಿಬೆಕ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನ ಒಪ್ಪಿಗೆಯಿಲ್ಲದೆ ಕರಾರು ಮಾಡಿಕೊಳ್ಳುವ ಹಕ್ಕೂ ಇರಲಿಲ್ಲ. 1964ರಲ್ಲಷ್ಟೇ ಆ ಕಟ್ಟು ಸಡಿಲವಾಯಿತು. ಅಂಥ ಕಾಲದಲ್ಲಿ ಊರಿನ ಕೂಲಿಕಾರರು, ಕಸುಬುದಾರರು ತಮ್ಮ ದುಡ್ಡನ್ನು ಈ ತಾಯಿಯ ಕೈಗೆ ನಂಬಿ ಕೊಟ್ಟರು.

ಅವರಿಗೆ ಹೆದರಿಕೆ ಇರಲಿಲ್ಲ ಅಂತಲ್ಲ. ಸಂಘಕ್ಕೆ ಕಾನೂನಿನ ರಕ್ಷಣೆಯೇ ಇರಲಿಲ್ಲ. ಠೇವಣಿ ಬೆಳೆದಷ್ಟೂ ಚಿಂತೆಯೂ ಬೆಳೆಯಿತು. ಯಜಮಾನರಿಗೆ ಏನಾದರೂ ಆದರೆ ಜನರ ಹಣಕ್ಕೆ ಜವಾಬ್ದಾರಿ ಯಾರು, ಮಕ್ಕಳ ಗತಿಯೇನು ಎಂಬ ಆತಂಕ ಅವರನ್ನು ಕಾಡಿತು. ಆದರೂ ಬಾಗಿಲು ಹಾಕಲಿಲ್ಲ. 1906ರ ಮಾರ್ಚಿನಲ್ಲಿ ಕ್ವಿಬೆಕ್ ಸರ್ಕಾರ ಸಹಕಾರ ಸಂಘಗಳ ಕಾಯಿದೆ ತಂದಾಗ ಆ ಭಾರ ಇಳಿಯಿತು. ಇದೇ ರೈಫೈಸನ್ ಮಾದರಿ ನಮ್ಮ ನಾಡಿಗೂ ಬಂದು, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘ ಆರಂಭವಾದದ್ದನ್ನು ಇಲ್ಲಿ ಸ್ಮರಿಸಬಹುದು.

ಕಾಯಿದೆ ಬಂದಮೇಲೆ ಅಲ್ಫೋನ್ಸ್ ಊರೂರು ಸುತ್ತಿ 150ಕ್ಕೂ ಹೆಚ್ಚು ಸಂಘಗಳನ್ನು ಕಟ್ಟಿಸಿದರು. 1920ರ ಅಕ್ಟೋಬರ್ 31ರಂದು ಅವರು ತೀರಿಕೊಂಡರು. ಆಗಲೂ ಡೊರಿಮೆನ್ ಮೂಲೆ ಸೇರಲಿಲ್ಲ. ಸಂಘಗಳ ಮುಖಂಡರು ಅವರ ಸಲಹೆ ಕೇಳುತ್ತಿದ್ದರು. ಸ್ಥಾಪಕರ ಆಶಯ ಕೆಡದಂತೆ ಅವರು ಕಣ್ಣಿಟ್ಟಿದ್ದರು. 1923ರಲ್ಲಿ ಕ್ವಿಬೆಕ್ ಪ್ರಾದೇಶಿಕ ಒಕ್ಕೂಟ ಅವರನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. 1932ರ ಜೂನ್ 14ರಂದು ಲೆವಿಯಲ್ಲೇ, 73ನೆಯ ವಯಸ್ಸಿನಲ್ಲಿ, ಅವರ ತುಂಬು ಬಾಳು ಮುಗಿಯಿತು.

ಅವರ ಮನೆಯನ್ನು ಇಂದಿಗೂ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿ ಮೊಳೆತ ಡೆಜಾರ್ಡಿನ್ ಸಂಸ್ಥೆ ಈಗ ಕೆನಡಾದಲ್ಲೇ ಅತಿ ದೊಡ್ಡ ಸಹಕಾರಿ ಹಣಕಾಸು ಸಂಸ್ಥೆ. ಸಂಘಕ್ಕೆ ಬಂಡವಾಳ ಬೇಕು, ಕಾಯಿದೆಯೂ ಬೇಕು. ಆದರೆ ಇವೆರಡೂ ಬರುವ ಮುಂಚೆ ಒಬ್ಬರ ಪ್ರಾಮಾಣಿಕತೆ ಊರಿಗೆಲ್ಲ ಜಾಮೀನಾಗಿ ನಿಲ್ಲಬೇಕಾಗುತ್ತದೆ. ನಮ್ಮ ಸಂಘದ ಸಭೆಗಳಲ್ಲೂ ತಾಯಂದಿರು, ಅಕ್ಕತಂಗಿಯರು ಹೆಚ್ಚಿನ ಸಂಖ್ಯೆಯಲ್ಲಿ ಕೂತು, ಲೆಕ್ಕ ಕೇಳಿ, ಲೆಕ್ಕ ಹೇಳುವಂತಾಗಲಿ ಎಂದು ಹಾರೈಸೋಣ.