ಮೂಸಿಯ ಸೀಮೆಯಲ್ಲಿ ವಿಶ್ವೇಶ್ವರಯ್ಯನವರು

ವಿಶ್ವೇಶ್ವರಯ್ಯ ಅಂದಕೂಡಲೆ ಮೈಸೂರು ಕಡೆಯವರಿಗೆ ಕನ್ನಂಬಾಡಿ ನೆನಪಾಗ್ತದ. ಕರಣಕೋಟದ ತೊಗರಿ ರೈತನಾದ ನನಗೆ ಹೈದರಾಬಾದ್ ಬಸ್ಸು ಮೊಯಿನಾಬಾದ್ ದಾಟುವಾಗ ಅವರು ನೆನಪಾಗ್ತಾರ. ಆ ರಸ್ತೆಯ ಎಡಕ್ಕೆ ಉಸ್ಮಾನ್ ಸಾಗರ, ಬಲಕ್ಕೆ ಹಿಮಾಯತ್ ಸಾಗರ. ಎರಡರ ಯೋಜನೆಯೂ ಅವರದೇ.

1861ರಲ್ಲಿ ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಹಿರಿಯರು ಆಂಧ್ರದ ಮೋಕ್ಷಗುಂಡಂನಿಂದ ಬಂದವರು. ಮನೆಮಾತು ತೆಲುಗು, ಊರಮಾತು ಕನ್ನಡ. ಗಡಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳಿಕೊಂಡು ತಾವೂ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ನೌಕರಿ ಹಿಡಿದರು. ಅದನ್ನು ಬಿಟ್ಟು ಪರದೇಶದಲ್ಲಿದ್ದಾಗ ನಿಜಾಮ ಸರ್ಕಾರದ ಕರೆ ಹೋಯಿತು.

ಕಾರಣ, 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ. ಸತ್ತವರು 15 ಸಾವಿರ ಅಂತ ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆ ಮರ ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರ ಈಗ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಅದ.

1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ಮುಳುಗಿದ ಊರನ್ನಷ್ಟೇ ನೋಡಲಿಲ್ಲ, ಮೇಲಿನ ಸೀಮೆಯ ಲೆಕ್ಕ ತೆಗೆದರು. ಮೂಸಿ ಹುಟ್ಟೋದು ನಮ್ಮ ಅನಂತಗಿರಿ ಗುಡ್ಡದಲ್ಲಿ. ಅದೇ ಗುಡ್ಡದ ನೀರೇ ಕಾಗಿಣಾ ಆಗಿ ತಾಂಡೂರು ಮುಟ್ಟಿ ಸೇಡಂ ಕಡೆ ಹೋಗ್ತದ. ಮೂಸಿಯ ಮೇಲ್ಭಾಗದಲ್ಲಿ 700ಕ್ಕೂ ಹೆಚ್ಚು ಕೆರೆಗಳಿದ್ದವು. ಆ ಮಳೆಗೆ 200ಕ್ಕೂ ಹೆಚ್ಚು ಒಡೆದಿದ್ದವು. ಮೇಲಿನ ಹೊಲದ ಒಡ್ಡು ಒಡೆದರೆ ಕೆಳಗಿನದು ನಿಲ್ಲೋದಿಲ್ಲ ಅನ್ನೋದು ರೈತನಿಗೆ ಗೊತ್ತು. ಅವರು ಅದನ್ನು ಅಂಕಿಯಲ್ಲಿ ತೋರಿಸಿದರು. ಪಟ್ಟಣದ ಮೇಲೆ ಮೂಸಿಗೊಂದು, ಈಸಿಗೊಂದು ಅಣೆಕಟ್ಟು ಕಟ್ಟಿ ನೆರೆ ತಡೀರಿ ಅಂತ ವರದಿ ಕೊಟ್ಟು ಅದೇ ವರ್ಷ ಮೈಸೂರಿಗೆ ಹೋದರು. ಉಸ್ಮಾನ್ ಸಾಗರ 1920ಕ್ಕೆ, ಹಿಮಾಯತ್ ಸಾಗರ 1927ಕ್ಕೆ ಮುಗಿದವು.

ಪಟ್ಟಣಕ್ಕೂ ದಾರಿ ತೋರಿಸಿದ್ದರು. ಹೊಳೆದಂಡೆಗೆ ತೋಟ, ಅಗಲ ರಸ್ತೆ, ಒಳಚರಂಡಿ. 1912ರಲ್ಲಿ ಆದ ನಗರ ಸುಧಾರಣಾ ಮಂಡಳಿ ಇಕ್ಕಟ್ಟಿನ ಕೇರಿ ಬಿಡಿಸಿತು, ಹೊಸ ಮನೆ ಕಟ್ಟಿಸಿತು. ಎಬ್ಬಿಸಿದವರಿಗೆಲ್ಲ ಮನೆ ಸಿಕ್ಕಿತು ಅಂತ ಮಾತ್ರ ನಾನು ನಂಬಲಾರೆ.

ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾದರು, 1955ರಲ್ಲಿ ಭಾರತರತ್ನ ಪಡೆದರು, 1962ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಇದೆಲ್ಲ ನಮ್ಮ ಮಕ್ಕಳ ಶಾಲೆ ಪುಸ್ತಕದಲ್ಲಿ ಅದ.

ಅದರಲ್ಲಿ ಇಲ್ಲದ್ದು ಕೆರೆ ಸುತ್ತಲಿನ ನೆಲದ ಕಥೆ. 1996ರಲ್ಲಿ 111ನೇ ನಂಬರಿನ ಆದೇಶ ಬಂತು. ಎರಡೂ ಕೆರೆಗಳ 10 ಕಿ.ಮೀ. ಸುತ್ತ, 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಕಟ್ಟಡ ಬೇಡ ಅಂತ. ಆಚೆ ಹಳ್ಳಿಯವರು ಹೊಲ ಮಾರಿ ಕಾರು ತಂದರು, ಈಚೆಯವರು ಮಗಳ ಮದುವೆಗೆ ಸಾಲ ತಂದರು. 2022ರ ಏಪ್ರಿಲ್‌ನಲ್ಲಿ ಆ ಕಟ್ಟು ಸಡಿಲಿಸಿ ಇನ್ನೊಂದು ಆದೇಶ ಹೊರಟಿತು. ಆ ರೈತರ ಸಂಕಟ ನನಗೆ ಗೊತ್ತಾಗ್ತದ. ಆದರ ಹೊಲವೆಲ್ಲ ಪ್ಲಾಟು ಆದರೆ ಮಳೆನೀರು ಯಾವ ದಾರಿ ಹಿಡೀಬೇಕು?

ಮನ್ನೆಗೂಡದವರೆಗಿನ 46 ಕಿ.ಮೀ. ರಸ್ತೆಯ ಅಗಲೀಕರಣ ಆಲದ ಮರಗಳ ತಕರಾರಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಮರದ ಬಗ್ಗೆ ಮಾತಾಡಿದಷ್ಟು ಮೋರಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಅಗಲ ರಸ್ತೆ ಅಂದರೆ ಒಂದು ಒಡ್ಡೇ ನೋಡ್ರಿ. ಮುಂದಿನ ಸಲ ಹೋಗುವಾಗ ಕಿಟಕಿ ಪಕ್ಕ ಕೂತು ಮೋರಿ ಎಣಿಸಬೇಕು ಅಂತಿದ್ದೀನಿ.