ಸ್ಯಾಕ್ಸೋಫೋನಿನ ಜನಕ ಅಡಾಲ್ಫ್ ಸ್ಯಾಕ್ಸ್

ಸ್ಯಾಕ್ಸೋಫೋನ್ ಎಂದೊಡನೆ ಕನ್ನಡಿಗರ ಮನದಲ್ಲಿ ಮೂಡುವ ಹೆಸರು ಕದ್ರಿ ಗೋಪಾಲನಾಥರದು. ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು. 2019ರಲ್ಲಿ ಅವರು ನಮ್ಮನ್ನಗಲಿದರೂ ಕರಾವಳಿಯ ದೇವಸ್ಥಾನ, ಮದುವೆ ಮಂಟಪಗಳಲ್ಲಿ ಅದರ ನಾದ ಕೇಳುತ್ತಲೇ ಇದೆ. ಆದರೆ ವಾದ್ಯದ ಹೆಸರಿನೊಳಗೇ ಅಡಗಿರುವ ಮನುಷ್ಯನನ್ನು ನಾವು ಅರಿತಿರುವುದು ಕಡಿಮೆ.

ಅಡಾಲ್ಫ್ ಸ್ಯಾಕ್ಸ್ ಜನಿಸಿದ್ದು 1814ರ ನವೆಂಬರ್ 6ರಂದು, ಇಂದಿನ ಬೆಲ್ಜಿಯಮ್ ದೇಶದ ದಿನಾಂ ಎಂಬ ಪುಟ್ಟ ಊರಿನಲ್ಲಿ. ತಂದೆ ಷಾರ್ಲ್ ಜೋಸೆಫ್ ವಾದ್ಯ ತಯಾರಕರು. ಮಹಡಿಯಿಂದ ಬಿದ್ದದ್ದು, ಆಮ್ಲ ಕುಡಿದದ್ದು, ನೀರಿನಲ್ಲಿ ಮುಳುಗಿದ್ದು ಹೀಗೆ ಬಾಲ್ಯದಲ್ಲಿ ಅವರು ಅನೇಕ ಬಾರಿ ಸಾವಿನ ದವಡೆಯಿಂದ ಪಾರಾದರೆಂಬ ಕಥೆಗಳಿವೆ. ಬ್ರಸೆಲ್ಸಿನಲ್ಲಿ ಕೊಳಲು ಮತ್ತು ಕ್ಲಾರಿನೆಟ್ ಕಲಿತ ಅವರು, ವಾದ್ಯ ನುಡಿಸುವ ಬೆರಳು ಹಾಗೂ ವಾದ್ಯ ಕಟ್ಟುವ ಕೈ ಎರಡನ್ನೂ ಪಡೆದಿದ್ದರು. 1838ರಲ್ಲಿ ಮಂದ್ರ ಸ್ಥಾಯಿಯ ಕ್ಲಾರಿನೆಟ್ಟನ್ನು ಸುಧಾರಿಸಿ ಪೇಟೆಂಟ್ ಪಡೆದಾಗ ಅವರ ವಯಸ್ಸು ಇಪ್ಪತ್ತನಾಲ್ಕು ತುಂಬಿರಲಿಲ್ಲ.

1842ರಲ್ಲಿ ಪ್ಯಾರಿಸ್ಸಿಗೆ ಬಂದ ಸ್ಯಾಕ್ಸ್ ಅವರಿಗೆ ಸಂಗೀತ ರಚನಕಾರ ಬರ್ಲಿಯೋಜ್ ಪತ್ರಿಕಾ ಲೇಖನದ ಮೂಲಕ ಬೆಂಬಲವಿತ್ತರು. 1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ದೊರೆಯಿತು. ಹಿತ್ತಾಳೆಯ ಒಡಲಿಗೆ ಕ್ಲಾರಿನೆಟ್ಟಿನಂತಹ ಒಂಟಿ ರೀಡ್ ಜೋಡಿಸಿ, ಒಡಲನ್ನು ನಮ್ಮ ನಾಗಸ್ವರದಂತೆ ಬಾಯಿಯ ಕಡೆಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುವ ಶಂಕುವಿನಾಕಾರದಲ್ಲಿ ರೂಪಿಸಿದ್ದು ಅವರ ಪ್ರತಿಭೆ. ಈ ಆಕಾರದಿಂದಾಗಿ ಕೆಳಗಿನ ಸ್ಥಾಯಿಯ ಬೆರಳಿನ ವಿನ್ಯಾಸವೇ ಬಹುಮಟ್ಟಿಗೆ ಮೇಲಿನ ಸ್ಥಾಯಿಗೂ ಸಲ್ಲುತ್ತದೆ. ಕ್ಲಾರಿನೆಟ್ಟಿನಲ್ಲಿ ಈ ಸೌಲಭ್ಯವಿಲ್ಲ. ವಾದಕನ ಕೈಗೆ ದೊರೆತ ಮೊದಲ ವರ ಇದು. ಚಿಕ್ಕದರಿಂದ ದೊಡ್ಡದರವರೆಗಿನ ಆ ಕುಟುಂಬದಲ್ಲಿ, ಪುರುಷ ಕಂಠಕ್ಕೆ ಸಮೀಪವಾದ ಟೆನರ್ ಸ್ಯಾಕ್ಸೋಫೋನ್ ಮಿಲಿಟರಿ ಬ್ಯಾಂಡುಗಳಿಗೆಂದು ಮೀಸಲಾದ ಶಾಖೆಗೆ ಸೇರಿತ್ತು.

ಕೀರ್ತಿಯೊಡನೆ ವೈರವೂ ಬಂದಿತು. 1845ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಷಾನ್ ದ ಮಾರ್ಸ್ ಮೈದಾನದಲ್ಲಿ ಹಳೆಯ ಬಗೆಯ ಬ್ಯಾಂಡಿಗೂ ಸ್ಯಾಕ್ಸರ ಬ್ಯಾಂಡಿಗೂ ಬಹಿರಂಗ ಸ್ಪರ್ಧೆ ನಡೆದು ಸ್ಯಾಕ್ಸ್ ಗೆದ್ದರು. ಸೈನ್ಯದ ಬೇಡಿಕೆ ಅವರ ಕಡೆ ತಿರುಗಿತು. ವ್ಯಾಪಾರ ಕಳೆದುಕೊಂಡ ಇತರ ತಯಾರಕರು ಒಗ್ಗೂಡಿ ಪೇಟೆಂಟುಗಳನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಗಳು ವರ್ಷಾನುಗಟ್ಟಲೆ ಎಳೆದವು. 1848ರ ಕ್ರಾಂತಿಯ ನಂತರ ಸೈನ್ಯದ ಆಶ್ರಯವೂ ಕೆಲಕಾಲ ತಪ್ಪಿತು. 1852, 1873 ಮತ್ತು 1877ರಲ್ಲಿ ಹೀಗೆ ಮೂರು ಬಾರಿ ಅವರು ದಿವಾಳಿಯಾದರು. ಗೆದ್ದ ದಾವೆಗಳೂ ಸಾಲವನ್ನು ತೀರಿಸಲಿಲ್ಲ. ನಡುವೆ 1850ರ ದಶಕದಲ್ಲಿ ತುಟಿಯ ಮೇಲೆ ಗಡ್ಡೆ ಬೆಳೆದು ಜೀವಕ್ಕೇ ಅಪಾಯವೊದಗಿತ್ತು. ಭಾರತದ ಗಿಡಮೂಲಿಕೆಗಳಿಂದ ಚಿಕಿತ್ಸೆ ಮಾಡುವುದಾಗಿ ಹೇಳಿಕೊಳ್ಳುತ್ತಿದ್ದ ವೈದ್ಯರೊಬ್ಬರ ಕೈಯಲ್ಲಿ ಗುಣವಾಯಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ 1857ರಿಂದ ಅವರು ನಡೆಸಿದ ಸ್ಯಾಕ್ಸೋಫೋನ್ ತರಗತಿಯೂ 1870ರಲ್ಲಿ ನಿಂತುಹೋಯಿತು. ಕೊನೆಯ ದಿವಾಳಿಯಲ್ಲಿ ಅವರು ಪ್ರೀತಿಯಿಂದ ಕೂಡಿಟ್ಟಿದ್ದ ಅಪರೂಪದ ವಾದ್ಯಗಳ ಸಂಗ್ರಹವೂ ಹರಾಜಾಯಿತು. 1894ರ ಫೆಬ್ರವರಿಯಲ್ಲಿ, ಬಡತನದಲ್ಲಿಯೇ ಅವರು ತೀರಿಕೊಂಡರು.

ಪೇಟೆಂಟ್ ಅವಧಿ 1866ರಲ್ಲಿ ಮುಗಿದಿತ್ತು. ಅಲ್ಲಿಂದ ವಾದ್ಯ ಎಲ್ಲರದಾಯಿತು. ಯಾವ ಪ್ರತಿಸ್ಪರ್ಧಿಗಳನ್ನು ದೂರವಿಡಲು ಸ್ಯಾಕ್ಸ್ ಬದುಕನ್ನೇ ಸವೆಸಿದರೋ, ಅಂಥವರ ಕಾರ್ಖಾನೆಗಳಲ್ಲಿಯೇ ಅದು ಬೆರಳಿಗೆ ಇನ್ನಷ್ಟು ಹಿತವಾಗುತ್ತ ಹೋಯಿತು. ಮೂಲ ವಾದ್ಯದಲ್ಲಿ ಸ್ಥಾಯಿ ಬದಲಿಸಲು ಎಡಗೈಯ ಹೆಬ್ಬೆರಳು ಎರಡು ಕೀಲಿಗಳ ನಡುವೆ ಓಡಾಡಬೇಕಿತ್ತು. ಮುಂದಿನವರು ಅದನ್ನು ಒಂದೇ ಕೀಲಿಗೆ ಇಳಿಸಿದರು. ಅಮೆರಿಕದ ಕಾನ್ ಕಂಪನಿ ಸ್ವರರಂಧ್ರಗಳ ಅಂಚನ್ನು ಹೊರಕ್ಕೆ ಸುರುಳಿಸಿ ಚರ್ಮದ ಪ್ಯಾಡುಗಳು ಸರಿಯಾಗಿ ಕೂರುವಂತೆ ಮಾಡಿತು. ಅಂಚು ಒಮ್ಮೆ ಸೊಟ್ಟಗಾದರೆ ದುರಸ್ತಿ ಮಾತ್ರ ಕಷ್ಟ. ಪ್ಯಾರಿಸ್ಸಿನ ಸೆಲ್ಮರ್ ಕಂಪನಿ 1930ರ ದಶಕದಲ್ಲಿ ಅಗಲಬಾಯಿಯ ಕೀಲಿಗಳನ್ನು ಎಡದಿಂದ ಬಲಕ್ಕೆ ಸರಿಸಿ ಕಿರುಬೆರಳಿನ ಶ್ರಮವನ್ನು ತಗ್ಗಿಸಿತು. ಮುಂದೆ ಎರಡೂ ಕೈಗಳ ಕೀಲಿಗಳನ್ನು ಒಂದೇ ಸಾಲಿನಿಂದ ತಪ್ಪಿಸಿ, ಮಣಿಕಟ್ಟು ತಿರುಚದಂತೆ ಓರೆಯಾಗಿ ಜೋಡಿಸಿತು. ಸುಮಾರು ಮೂರು ಕಿಲೋ ತೂಗುವ ಟೆನರ್ ವಾದ್ಯವನ್ನು ಕತ್ತಿಗೆ ತೂಗುಹಾಕಿಕೊಂಡು ಗಂಟೆಗಟ್ಟಲೆ ನುಡಿಸುವವರಿಗೆ ಇದು ಸಣ್ಣ ಸಂಗತಿಯಲ್ಲ. 1954ರಲ್ಲಿ ಬಂದ ಸೆಲ್ಮರ್ ಮಾರ್ಕ್ ಸಿಕ್ಸ್ ಇಂದಿಗೂ ತುಲನೆಯ ಅಳತೆಗೋಲಾಗಿದೆ. ಜಪಾನಿನ ಯಮಾಹಾ ಒಂದಕ್ಕೊಂದು ವ್ಯತ್ಯಾಸವಿಲ್ಲದ ನಿಖರ ತಯಾರಿಕೆಗೂ, ಯಾನಾಗಿಸಾವಾ ಅಚ್ಚುಕಟ್ಟಾದ ಕೈಗೆಲಸಕ್ಕೂ ಹೆಸರಾದವು. ಜರ್ಮನಿಯ ಕೈಲ್ವರ್ತ್ ದಟ್ಟ ನಾದಕ್ಕಾಗಿ ಮೆಚ್ಚುಗೆ ಗಳಿಸಿತು. ಕೊನೆಗೆ ತೀರ್ಪು ನೀಡುವುದು ವಾದಕನ ಕೈಯಳತೆಯೇ.

ವಿಧಿಯ ಆಟವೆಂದರೆ ಇದೇ ಇರಬೇಕು. ಸ್ಯಾಕ್ಸರ ನಂತರ ಮಗ ನಡೆಸಿಕೊಂಡು ಬಂದ ಪ್ಯಾರಿಸ್ಸಿನ ಕಾರ್ಯಾಗಾರವನ್ನು 1920ರ ದಶಕದ ಕೊನೆಯಲ್ಲಿ ಅದೇ ಸೆಲ್ಮರ್ ಕಂಪನಿ ಕೊಂಡುಕೊಂಡಿತು. ಪೇಟೆಂಟ್ ಪತ್ರ, ಮೊಕದ್ದಮೆಯ ಕಡತ, ಸಾಲದ ಲೆಕ್ಕ ಎಲ್ಲವೂ ಹಳೆಯದಾದವು. ಉಳಿದದ್ದು ಹೆಸರು ಮತ್ತು ನಾದ. ಈಗ ಯಾವ ಕಂಪನಿಯ ವಾದ್ಯವನ್ನೇ ಕೊಂಡರೂ ಅದನ್ನು ಕರೆಯುವುದು ಮೂರು ಸಲ ದಿವಾಳಿಯಾದ ಆ ಮನುಷ್ಯನ ಹೆಸರಿನಿಂದಲೇ. ಮುಂದಿನ ಬಾರಿ ಮದುವೆ ಮಂಟಪದಲ್ಲಿ ಸ್ಯಾಕ್ಸೋಫೋನ್ ಮೊಳಗಿದಾಗ ಗೋಪಾಲನಾಥರೊಡನೆ ಅವರನ್ನೂ ಒಂದು ಕ್ಷಣ ಸ್ಮರಿಸೋಣ.